ಪೂರ್ತಿ ಗುಣವಾಗುವ ಮೊದಲೇ ಕೆಲಸದ ಮಾತೇಕೆ?

ಪ್ರಶ್ನೆ: ಗೋದಾಮಿನ ಕೆಲಸದಲ್ಲಿ ಬೆನ್ನಿಗೆ ಪೆಟ್ಟಾಗಿ ಚಿಕಿತ್ಸೆ ಪಡೆಯುತ್ತಿದ್ದೇನೆ. ನೋವು ಇನ್ನೂ ಇರುವಾಗಲೇ ವೃತ್ತಿ ಪುನರ್ವಸತಿ ಆಪ್ತಸಮಾಲೋಚಕರನ್ನು (ಪೆಟ್ಟಾದವರು ಕೆಲಸಕ್ಕೆ ಮರಳಲು ನೆರವಾಗುವವರನ್ನು) ಕಾಣಲು ಹೇಳುತ್ತಿದ್ದಾರೆ. ಪೂರ್ತಿ ಗುಣವಾದ ಮೇಲೆ ಹೋದರೆ ಸಾಲದೆ?

ಉತ್ತರ: ಅಷ್ಟು ಕಾಯುವುದು ಸಾಮಾನ್ಯವಾಗಿ ನಷ್ಟದ ದಾರಿ. ಕೆಲಸದಿಂದ ದೂರವಿದ್ದ ಅವಧಿ ಬೆಳೆದಷ್ಟೂ ಮರಳುವ ಸಾಧ್ಯತೆ ಕುಗ್ಗುತ್ತದೆ. ದೇಹದ ಕಸುವು ಇಳಿಯುವುದರ ಜೊತೆಗೆ ಮತ್ತೆ ಪೆಟ್ಟಾದೀತೆಂಬ ಭಯ ಬೇರೂರುತ್ತದೆ, ಅಷ್ಟರಲ್ಲಿ ನಿಮ್ಮ ಜಾಗಕ್ಕೆ ಬೇರೊಬ್ಬರು ಬಂದಿರಲೂಬಹುದು. ಬೆನ್ನುನೋವಿನಲ್ಲಂತೂ 'ಪೂರ್ತಿ ಗುಣ' ಎಂಬ ದಿನ ಸ್ಪಷ್ಟವಾಗಿ ಬರುವುದೇ ಅಪರೂಪ.

ವೈದ್ಯರು 'ಹಗುರವಾದ ಕೆಲಸ ಮಾಡಬಹುದು' ಎಂದು ಬರೆದುಕೊಟ್ಟರೆ ಯಾವುದು ಹಗುರ ಎಂಬುದು ಕಾರ್ಮಿಕನಿಗೂ ತಿಳಿಯದು, ಮಾಲೀಕನಿಗೂ ತಿಳಿಯದು. ಸಮಾಲೋಚಕರ ನಿಜವಾದ ಕೆಲಸ ಇಲ್ಲಿಂದ ಶುರು. ಎಷ್ಟು ಭಾರವನ್ನು, ಎಷ್ಟು ಎತ್ತರದಿಂದ, ದಿನಕ್ಕೆ ಎಷ್ಟು ಬಾರಿ ಎತ್ತಬೇಕು, ಎಷ್ಟು ಹೊತ್ತು ನಿಂತಿರಬೇಕು, ಎಷ್ಟು ಬಾಗಬೇಕು ಎಂಬುದನ್ನು ಅವರು ಕೆಲಸದ ಸ್ಥಳದಲ್ಲೇ ನೋಡಿ ಗುರುತಿಸಿಕೊಂಡು, ಫಿಸಿಯೋಥೆರಪಿಸ್ಟ್ ಅಥವಾ ಅಂತಹ ಬೇರೆ ತಜ್ಞರು ಪರೀಕ್ಷಿಸಿ ಹೇಳಿದ ನಿಮ್ಮ ಸಾಮರ್ಥ್ಯದೊಂದಿಗೆ ಹೋಲಿಸುತ್ತಾರೆ. ಉದಾಹರಣೆಗೆ, ಕೆಲಸ ಕೇಳುವುದು 25 ಕಿಲೋ, ನಿಮಗೆ ಸದ್ಯ ಎತ್ತಲಾಗುವುದು 10 ಕಿಲೋ ಎಂದಿಟ್ಟುಕೊಳ್ಳಿ. ಭಾರ ಎತ್ತುವುದು ದಿನದ ಒಂದು ಭಾಗ ಮಾತ್ರವಾಗಿದ್ದರೆ, ಅದನ್ನಷ್ಟೇ ಬೇರೆಯವರಿಗೆ ವಹಿಸಿ ಸರಕಿನ ಲೆಕ್ಕ, ತಪಾಸಣೆಗಳನ್ನು ನಿಮಗೇ ಉಳಿಸಬಹುದು. ಆರಂಭದಲ್ಲಿ ಅರ್ಧ ದಿನ ದುಡಿದು ಕ್ರಮೇಣ ವೇಳೆ ಹೆಚ್ಚಿಸಬಹುದು. (ಕೂತು ಮಾಡುವ ಕೆಲಸವೆಂದು ಫೋರ್ಕ್‌ಲಿಫ್ಟ್ ಓಡಿಸಲು ಹಾಕುವುದು ಮಾತ್ರ ಯೋಚಿಸಬೇಕಾದ ವಿಷಯ, ಅದರ ಅದುರುವಿಕೆ ಬೆನ್ನಿಗೆ ಒಳ್ಳೆಯದಲ್ಲ.)

ಮೊದಲ ಪ್ರಯತ್ನ ಹಳೆಯ ಮಾಲೀಕರಲ್ಲಿ ಹಳೆಯ ಕೆಲಸಕ್ಕೇ. ಅದಾಗದಿದ್ದರೆ ಅಲ್ಲೇ ಬೇರೆ ಕೆಲಸ, ಆಮೇಲೆ ನಿಮ್ಮ ಅನುಭವ ಒದಗಿಬರುವ ಬೇರೆ ಸಂಸ್ಥೆ. ಹೊಸ ತರಬೇತಿ ಕೊನೆಗೆ ಬರುವುದು ಅದು ದೀರ್ಘವಾದದ್ದರಿಂದ. ಕೆಲಸಕ್ಕೆ ಸೇರಿಸಿದಲ್ಲಿಗೆ ಹೊಣೆ ಮುಗಿಯುವುದಿಲ್ಲ: ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1983ರ 159ನೇ ಒಪ್ಪಂದವು ಉದ್ಯೋಗ ಪಡೆಯುವುದರ ಜೊತೆಗೆ ಅದನ್ನು ಉಳಿಸಿಕೊಂಡು ಮುಂದೆ ಬರುವುದನ್ನೂ ವೃತ್ತಿ ಪುನರ್ವಸತಿಯ ಉದ್ದೇಶವೆಂದು ಹೇಳುತ್ತದೆ.

ನಿಮ್ಮ ಹಿಂಜರಿಕೆಗೆ ಇನ್ನೊಂದು ಕಾರಣವಿದ್ದರೆ ಅದು ಸಕಾರಣವೇ. ಸಮಾಲೋಚಕರ ಶುಲ್ಕವನ್ನು ಅನೇಕ ಕಡೆ ವಿಮಾ ಕಂಪನಿ ಭರಿಸುವುದರಿಂದ, ನೀವು ಹೇಳಿದ್ದು ಆ ಕಂಪನಿಗೆ ತಲುಪೀತೆಂಬ ಅನುಮಾನ ಸಹಜ. ಆದುದರಿಂದ ಮೊದಲ ಭೇಟಿಯಲ್ಲೇ, ನೀವು ಹೇಳಿದ್ದರಲ್ಲಿ ಯಾವುದು ವರದಿಗೆ ಸೇರುತ್ತದೆ, ಆ ವರದಿ ಯಾರ ಕೈಗೆ ಹೋಗುತ್ತದೆ, ಅದರ ಪ್ರತಿ ನಿಮಗೂ ಸಿಗುತ್ತದೆಯೇ ಎಂದು ಕೇಳಿ. ಒಪ್ಪಿಗೆ ಪತ್ರವನ್ನು ಓದಿದ ಮೇಲೆ ಸಹಿ ಮಾಡಿ.