ಪಂಚಾಯಿತಿಗೆ ಬಂದ ಕೇಬಲ್ ಶಾಲೆಯನ್ನು ತಲುಪುವ ಬಗೆ: ಒಂದು ಅಧ್ಯಯನ ಟಿಪ್ಪಣಿ

ಗ್ರಾಮೀಣ ಅಂತರ್ಜಾಲದ ಅಧ್ಯಾಯಕ್ಕೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಯೋಜನೆಗಳ ಹೆಸರನ್ನೂ ಇಸವಿಗಳನ್ನೂ ಬಾಯಿಪಾಠ ಮಾಡಿ ಮುಂದೆ ಹೋಗುತ್ತೇವೆ. ಅದರ ಬದಲು, ಚಿಕ್ಕಬಳ್ಳಾಪುರ ಜಿಲ್ಲೆಯ ಗುಡಿಬಂಡೆ ಅಥವಾ ಬಾಗೇಪಲ್ಲಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಸಂಪರ್ಕವು ಎಲ್ಲಿಯವರೆಗೆ ಬಂದು ಎಲ್ಲಿ ನಿಲ್ಲುತ್ತದೆ ಎಂದು ಹುಡುಕುತ್ತಾ ಹೋದರೆ ವಿಷಯ ಸುಲಭವಾಗಿ ಬಿಡಿಸಿಕೊಳ್ಳುತ್ತದೆ.

ಕೇಂದ್ರ ಸರ್ಕಾರವು 2011ರಲ್ಲಿ ಒಪ್ಪಿದ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಯೋಜನೆಯೇ 2015ರಲ್ಲಿ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ತಲಾ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ವೇಗದ ಸಂಪರ್ಕ ಕೊಡುವುದು ಅದರ ಗುರಿಯಾಗಿತ್ತು. ಇಲ್ಲಿ ಅಡಿಗೆರೆ ಹಾಕಬೇಕಾದ ಪದ ‘ಪಂಚಾಯಿತಿ’. ತಾಲ್ಲೂಕು ಕೇಂದ್ರದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಹೊರಟ ಗಾಜಿನ ಎಳೆಯು ದಾರಿಯಲ್ಲಿ ಸ್ಪ್ಲಿಟರ್‌ಗಳ ಮೂಲಕ ಕವಲೊಡೆದು, ಪಂಚಾಯಿತಿ ಕಚೇರಿಯೊಳಗಿನ ಒಎನ್‌ಟಿ ಎಂಬ, ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವ ಪುಟ್ಟ ಪೆಟ್ಟಿಗೆಯಲ್ಲಿ ಮುಗಿಯುತ್ತದೆ. ಕುಡಿಯುವ ನೀರಿನ ಕೊಳವೆಗೋ ರಸ್ತೆ ಅಗಲೀಕರಣಕ್ಕೋ ಜೆಸಿಬಿ ತೋಡುವಾಗ ಒಂದು ಕಡೆ ಕೇಬಲ್ ತುಂಡಾದರೆ ಅದರಾಚೆಗಿನ ಊರುಗಳೆಲ್ಲ ಒಟ್ಟಿಗೆ ಸಂಪರ್ಕ ಕಳೆದುಕೊಳ್ಳುತ್ತವೆ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಕಾರ್ಯಕ್ರಮವು ಬಳೆಯಾಕಾರದ ಜಾಲಕ್ಕೆ ಒತ್ತು ಕೊಟ್ಟಿರುವುದು ಇದೇ ಕಾರಣಕ್ಕೆ: ಒಂದು ಬದಿ ಕಡಿದರೂ ಇನ್ನೊಂದು ಬದಿಯಿಂದ ಸಂಪರ್ಕ ಉಳಿಯುತ್ತದೆ.

ಪಂಚಾಯಿತಿಯಿಂದ ಶಾಲೆಗೆ ಇನ್ನೂ ಒಂದೆರಡು ಕಿಲೋಮೀಟರ್ ಇರಬಹುದು. ಅಲ್ಲಿಗೆ ಕೇಬಲ್ ಎಳೆಯುವುದು ಒಂದು ದಾರಿ, ಎರಡು ಮಾಳಿಗೆಗಳ ಮೇಲೆ ಎದುರುಬದುರು ಆಂಟೆನಾ ನಿಲ್ಲಿಸುವುದು ಇನ್ನೊಂದು. ವೈಫೈ ಬಳಸುವ 5 ಗಿಗಾಹರ್ಟ್ಸ್ ತರಂಗಪಟ್ಟಿಯ ಬಹುಭಾಗವನ್ನು 2018ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿದ್ದರಿಂದ ಎರಡನೆಯ ದಾರಿ ಸುಲಭವಾಗಿದೆ. ಆದರೆ ಆಂಟೆನಾಗಳು ಒಂದಕ್ಕೊಂದು ಕಂಡರಷ್ಟೇ ಸಾಲದು. ನಡುದಾರಿಯಲ್ಲಿ ತರಂಗವು ಉಬ್ಬಿದ ಕೊಳವೆಯಂತೆ ಹರಡಿಕೊಳ್ಳುತ್ತದೆ, ಆ ಕೊಳವೆಯೊಳಗೂ ಹೆಚ್ಚು ಅಡ್ಡಿ ಇರಬಾರದು. 2 ಕಿಲೋಮೀಟರ್ ಅಂತರಕ್ಕೆ 5.8 ಗಿಗಾಹರ್ಟ್ಸ್‌ನಲ್ಲಿ ಆ ಕೊಳವೆಯ ತ್ರಿಜ್ಯ ಮಧ್ಯಭಾಗದಲ್ಲಿ ಸುಮಾರು 5 ಮೀಟರ್. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಬಂಡೆಗುಡ್ಡಗಳನ್ನು ಮೊದಲೇ ನೋಡಿ ತಪ್ಪಿಸಬಹುದು. ಅಡ್ಡ ಬರುವುದು ನೀಲಗಿರಿ ತೋಪು. ಕಟಾವಾದ ವರ್ಷ ಚೆನ್ನಾಗಿದ್ದ ಸಂಪರ್ಕವು ಮರ ಬೆಳೆದಂತೆಲ್ಲ ಕುಂಟುತ್ತದೆ, ಮತ್ತು ದೋಷ ಯಂತ್ರದಲ್ಲಿದೆ ಎಂದೇ ಎಲ್ಲರೂ ಭಾವಿಸುತ್ತಾರೆ.

ಮುಂದಿನ ಲೆಕ್ಕವನ್ನು ದಯವಿಟ್ಟು ಕೈಯಲ್ಲಿ ಮಾಡಿ ನೋಡಿ. ಶಾಲೆಗೆ 10 ಎಂಬಿಪಿಎಸ್ ಸಂಪರ್ಕವಿದೆ, ಕೊಠಡಿಯಲ್ಲಿ 20 ಕಂಪ್ಯೂಟರ್‌ಗಳಿವೆ ಎನ್ನೋಣ. 100 ಮೆಗಾಬೈಟ್‌ನ ಒಂದು ಪಾಠದ ವೀಡಿಯೊ ಎಂದರೆ 800 ಮೆಗಾಬಿಟ್ (ಬೈಟು ಮತ್ತು ಬಿಟ್ಟು ಬೆರೆತು ಉತ್ತರ ಎಂಟು ಪಟ್ಟು ತಪ್ಪುವುದು ನಮ್ಮಲ್ಲಿ ಸಾಮಾನ್ಯ). ಒಬ್ಬರೇ ಇಳಿಸಿಕೊಂಡರೆ 80 ಸೆಕೆಂಡು ಸಾಕು. ಇಪ್ಪತ್ತು ಮಕ್ಕಳೂ ಒಮ್ಮೆಗೇ ಇಳಿಸಿಕೊಂಡರೆ 1600 ಸೆಕೆಂಡು, ಅಂದರೆ ಸುಮಾರು 27 ನಿಮಿಷ. ನಲವತ್ತು ನಿಮಿಷದ ಪೀರಿಯಡ್ಡಿನ ಬಹುಪಾಲು ಅಲ್ಲಿಗೇ ಕರಗಿತು. ಅದೇ ವೀಡಿಯೊವನ್ನು ರಾತ್ರಿಯೇ ಶಾಲೆಯ ಒಂದು ಸರ್ವರ್‌ಗೆ ತಂದಿಟ್ಟಿದ್ದರೆ, ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಸ್ವಿಚ್ಚಿನ ಮೂಲಕ ಇಪ್ಪತ್ತೂ ಯಂತ್ರಗಳಿಗೆ ಹಂಚಲು ಸೈದ್ಧಾಂತಿಕವಾಗಿ 16 ಸೆಕೆಂಡು ಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಸೀಮೆಗೆ ಈ ತತ್ವ ಹೊಸದಲ್ಲ: ನೀರು ಬಂದಾಗ ಕೆರೆಯಲ್ಲಿ ನಿಲ್ಲಿಸಿಕೊಂಡು, ಬೇಕಾದಾಗ ತೂಬು ಎತ್ತುವುದು. ವಿಕಿಪೀಡಿಯವನ್ನು ಆಫ್‌ಲೈನ್ ಓದಿಸುವ ಕಿವಿಕ್ಸ್, ಪಾಠಗಳನ್ನು ಶಾಲೆಯೊಳಗೇ ಹಂಚುವ ಕೊಲಿಬ್ರಿ ಎಂಬ ಉಚಿತ ತಂತ್ರಾಂಶಗಳು ಈ ಕೆಲಸಕ್ಕೆಂದೇ ಇವೆ. ನನ್ನ ಅಭಿಪ್ರಾಯದಲ್ಲಿ ವೇಗ ಹೆಚ್ಚಿಸುವುದಕ್ಕಿಂತ ಮೊದಲು ಆಗಬೇಕಾದದ್ದು ಈ ಕೆರೆ.

ವಿದ್ಯುತ್ತಿನ ಲೆಕ್ಕವೂ ಇಷ್ಟೇ ನೇರವಾಗಿದೆ. ತಲಾ 100 ವಾಟ್‌ನ 20 ಡೆಸ್ಕ್‌ಟಾಪ್‌ಗಳಿಗೆ 2000 ವಾಟ್ ಬೇಕು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1800 ವಾಟ್-ಅವರ್ ಇದ್ದರೂ, ಸೀಸದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಹಾಗಾಗಿ ಅರ್ಧ ಗಂಟೆಯೂ ನಡೆಯದು. ತಲಾ 30 ವಾಟ್‌ನ ಲ್ಯಾಪ್‌ಟಾಪ್‌ಗಳಾದರೆ ಅದೇ ಬ್ಯಾಟರಿ ಒಂದೂವರೆ ಗಂಟೆಯವರೆಗೆ ಬಂದೀತು. ಶಾಲೆಯಲ್ಲಿ ಕರೆಂಟ್ ಇದ್ದು ಪಂಚಾಯಿತಿ ಕಚೇರಿಯಲ್ಲಿ ಹೋದರೂ ಸಂಪರ್ಕ ಕಡಿಯುತ್ತದೆ. ಅಲ್ಲಿನ ಒಎನ್‌ಟಿ ಪೆಟ್ಟಿಗೆಯನ್ನು ಆರಿಸಿ ಹಚ್ಚಬೇಕೆಂದರೆ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ ಎಂಬುದೂ ತಾಂತ್ರಿಕ ಪ್ರಶ್ನೆಯೇ ಆಗುತ್ತದೆ.

ಪದಗಳ ಗೊಂದಲವೊಂದನ್ನು ಇಲ್ಲೇ ತಿಳಿಸುತ್ತೇನೆ. 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ಯೋಜನೆಯಲ್ಲಿ ‘ಪಿಡಿಒ’ ಎಂದರೆ ವೈಫೈ ಹಂಚುವ ಕಿರಾಣಿ ಅಂಗಡಿಯಂಥ ಸಾರ್ವಜನಿಕ ದತ್ತಾಂಶ ಕೇಂದ್ರವೇ ಹೊರತು, ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಕಂಪ್ಯೂಟರ್ ಸಿಗಬಹುದಾದ ಜಾಗ, ಅರಿವು ಕೇಂದ್ರಗಳೆಂದು ಹೆಸರು ಪಡೆದಿರುವ ಪಂಚಾಯಿತಿ ಗ್ರಂಥಾಲಯಗಳು.

ಕೊನೆಯದು ಕೀಲಿಮಣೆ. ಬಾಗೇಪಲ್ಲಿ ಕಡೆಯ ಅನೇಕ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೀಲಿಗಳ ಮೇಲೆ ಇಂಗ್ಲಿಷ್. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚು ಮಾಡಿದ ಪ್ರಶ್ನೆಪತ್ರಿಕೆಯು ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದರಿಂದ, ಎಲ್ಲ ಸಾಧನಗಳಿಗೂ ಸಮಾನವಾದ ಅಕ್ಷರ ಸಂಕೇತ ಪದ್ಧತಿಯಾದ ಯುನಿಕೋಡನ್ನು ಮೊದಲ ದಿನದಿಂದಲೇ ಕಲಿಸುವುದು ಒಳ್ಳೆಯದು. ಕೀಲಿಗಳ ವಿನ್ಯಾಸದ ಆಯ್ಕೆಯಲ್ಲಿ ‘ನುಡಿ’ಯ ವಿನ್ಯಾಸಕ್ಕೆ ಒಗ್ಗಿದ ಶಿಕ್ಷಕರು ಅದನ್ನೇ ಬಯಸುತ್ತಾರೆ, ಅದು ಸಹಜ. ಭಾರತೀಯ ಭಾಷೆಗಳಿಗೆ ಸಮಾನವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸದಲ್ಲಾದರೋ ಕನ್ನಡದ ‘ಕ’ ಮತ್ತು ತೆಲುಗಿನ ‘ಕ’ ಒಂದೇ ಕೀಲಿಯ ಮೇಲಿವೆ. ಶಾಲೆಯಲ್ಲಿ ಕನ್ನಡಕ್ಕೆ ಪಳಗಿದ ಬೆರಳಿನಿಂದಲೇ ಆ ಮಗು ಮನೆಮಾತಿನಲ್ಲಿಯೂ ಬರೆಯಬಲ್ಲದು.