ಹಳೇ ಫಿಯೆರೋಗೆ ಸೂಪರ್‌ಚಾರ್ಜ್ಡ್ ಎಂಜಿನ್ ಕೂರುತ್ತಾ?

ಪ್ರಶ್ನೆ: ನಾನು ಮಿಶಿಗನ್‌ನಲ್ಲಿದ್ದೇನೆ. ನನ್ನ ಹತ್ತಿರ 1986ರ ಪಾಂಟಿಯಾಕ್ ಫಿಯೆರೋ ಇದೆ. 2.8 ಲೀಟರ್ ವಿ6, ಮ್ಯಾನ್ಯುಯಲ್ ಗೇರು. ಎಂಜಿನ್ ಸುಸ್ತಾಗಿದೆ. "3800 ಸೂಪರ್‌ಚಾರ್ಜ್ಡ್ ಹಾಕ್ಸು" ಅಂತ ಎಲ್ಲರೂ ಹೇಳುತ್ತಾರೆ. ಅಂದರೆ ಜನರಲ್ ಮೋಟಾರ್ಸ್‌ನ 3.8 ಲೀಟರ್ ವಿ6, ಗಾಳಿ ತುರುಕುವ ಸೂಪರ್‌ಚಾರ್ಜರ್ ಇರುವಂಥದ್ದು. ನಿಜಕ್ಕೂ ಕೂರುತ್ತಾ? ಎಲ್ಲಿ ಎಡವಬಹುದು?

ಉತ್ತರ: ಕೂರುತ್ತದೆ, ಧೈರ್ಯವಾಗಿ ಹಾಕಿಸಿ. ಆದರೆ ಎಂಜಿನ್ ಕೂರಿಸುವುದೇ ಇದರಲ್ಲಿ ಸುಲಭದ ಕೆಲಸ. ತಿಂಗಳುಗಟ್ಟಲೆ ಕಾರು ಶೆಡ್ಡಿನಲ್ಲಿ ನಿಲ್ಲುವುದು ವೈರಿಂಗ್‌ನಿಂದ.

ಯಾಕೆ ಕೂರುತ್ತದೆ ಅಂದರೆ, ಎರಡೂ ಒಂದೇ ಮನೆಯವು. ಫಿಯೆರೋದಲ್ಲಿ ಎಂಜಿನ್ ಸೀಟಿನ ಬೆನ್ನಿಗೆ, ಅಡ್ಡಡ್ಡ ಇರುತ್ತದೆ. ಜನರಲ್ ಮೋಟಾರ್ಸ್‌ನವರು ತಮ್ಮದೇ ಫ್ರಂಟ್ ವೀಲ್ ಡ್ರೈವ್ ಕಾರಿನ ಮುಂಭಾಗವನ್ನು ಹಿಂದಕ್ಕೆ ತಂದು ಕೂರಿಸಿದ್ದರು. ಗ್ರಾಂಡ್ ಪ್ರೀ ಜಿಟಿಪಿ, ಬ್ಯೂಯಿಕ್ ರೀಗಲ್ ಜಿಎಸ್ ಕಾರುಗಳಲ್ಲಿ 3800 ಕೂಡ ಅಡ್ಡಡ್ಡವೇ ಇತ್ತು. ಹಾಗಾಗಿ ಗೇರ್‌ಬಾಕ್ಸಿಗೆ ಸೇರುವ ಬೋಲ್ಟಿನ ತೂತುಗಳು ನಿಮ್ಮ 2.8ರವಕ್ಕೆ ಸರಿಹೊಂದುತ್ತವೆ. ಅಡಾಪ್ಟರ್ ಪ್ಲೇಟ್ ಬೇಡ. ಎಂಜಿನ್ ಮೌಂಟ್ ಬೇರೆ ಬೇಕು. ಫ್ಲೈವೀಲ್ ಹೊಸ ಎಂಜಿನ್ನಿನ ಬ್ಯಾಲೆನ್ಸಿಗೆ ತಕ್ಕದ್ದಾಗಿರಬೇಕು. ಹಳೆಯದನ್ನೇ ಸುಮ್ನೆ ಹಾಕಿದರೆ ಕಾರು ಗಡಗಡ ನಡುಗುತ್ತದೆ.

ಸಿಗುವುದೇನು? ನಿಮ್ಮ ವಿ6 ಹೊಸದಾಗಿದ್ದಾಗ ಕೊಡುತ್ತಿದ್ದದ್ದು ಸುಮಾರು 140 ಹಾರ್ಸ್‌ಪವರ್. ಸೂಪರ್‌ಚಾರ್ಜರ್ ಇರುವ 3800 ಸೀರೀಸ್ 2 ಕೊಡುವುದು 240. ಅದರ ಮೇಲೆ ಕೂತಿರುವ ಸೂಪರ್‌ಚಾರ್ಜರ್, ಈಟನ್ ಕಂಪನಿಯ ಎಂ90, ಬೆಲ್ಟಿನಿಂದ ತಿರುಗುತ್ತದೆ. ಒಂದು ಸುತ್ತಿಗೆ 90 ಘನ ಇಂಚು, ಅಂದರೆ ಹತ್ತಿರ ಹತ್ತಿರ ಒಂದೂವರೆ ಲೀಟರ್ ಗಾಳಿಯನ್ನು ಒಳಗೆ ತಳ್ಳುತ್ತದೆ. ಟರ್ಬೋ ಥರ ಹೊಗೆಯ ಒತ್ತಡ ಏರಲಿ ಅಂತ ಕಾಯಬೇಕಿಲ್ಲ. ಕಾಲಿಟ್ಟ ಕೂಡಲೇ ಎಳೆತ ಸಿಗುತ್ತದೆ. ಚಿಕ್ಕ ಕಾರಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗಂತೂ ಕಂಡಿಲ್ಲ.

ಬರೀ ಎಂಜಿನ್ ಕೊಳ್ಳಬೇಡಿ, ಇಡೀ ಡೋನರ್ ಕಾರು, ಅಂದರೆ ಆ ಎಂಜಿನ್ ಇರುವ ಹಳೇ ಕಾರನ್ನೇ ಕೊಳ್ಳಿ. ಕಂಪ್ಯೂಟರ್, ಪೂರ್ತಿ ವೈರಿಂಗ್, ಸೆನ್ಸರ್, ಚಿಕ್ಕಪುಟ್ಟ ಬ್ರಾಕೆಟ್ ಎಲ್ಲಾ ಅದರಲ್ಲೇ ಸಿಗುತ್ತವೆ. ಜೊತೆಗೆ ಕೊಳ್ಳುವ ಮೊದಲೇ ಓಡಿಸಿ ನೋಡಬಹುದು. ಬಾನೆಟ್ ಎತ್ತಿ, ಎಂಜಿನ್ ಐಡಲ್‌ನಲ್ಲಿರುವಾಗ ಸೂಪರ್‌ಚಾರ್ಜರಿನ ಮೂತಿಯ ಹತ್ತಿರ ಕಿವಿಯಿಡಿ. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಗಲಗಲ ಅಂದರೆ ಒಳಗಿನ ಪ್ಲಾಸ್ಟಿಕ್ ಕಪ್ಲರ್ ಸವೆದಿದೆ. ಹೆದರಬೇಡಿ, ಕಪ್ಲರ್ ಬದಲಿಸಿದರೆ ಸಾಕು. ಆಗಲೇ ಮೂತಿಯೊಳಗಿನ ಎಣ್ಣೆಯನ್ನೂ ಬದಲಿಸಿ. ಅದು ಎಂಜಿನ್ ಆಯಿಲ್ ಅಲ್ಲ, ಸೂಪರ್‌ಚಾರ್ಜರಿನದೇ ಬೇರೆ ಎಣ್ಣೆ. ಕೆಟ್ಟ ವಾಸನೆ, ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಇನ್ನೊಂದು, ಬೆಲ್ಟ್ ಟೆನ್ಷನರ್ ಪಕ್ಕದಲ್ಲಿ ನೀರು ಹಾಯುವ ಎರಡು ಪ್ಲಾಸ್ಟಿಕ್ ಎಲ್ಬೋಗಳಿವೆ. ಬಿಸಿ ತಿಂದು ತಿಂದು ಬಿಸ್ಕತ್ತಿನಂತೆ ಪುಡಿಯಾಗುತ್ತವೆ. ಎಂಜಿನ್ ಹೊರಗಿರುವಾಗಲೇ ಅಲ್ಯುಮಿನಿಯಂನವು ಹಾಕಿ.

ಫಿಯೆರೋದಲ್ಲಿ ಎಂಜಿನ್ ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಇಳಿಸುವುದೇ ಸಲೀಸು. ಕೇಬಲ್, ಹೋಸ್, ಬ್ರೇಕ್ ಲೈನ್, ವೈರ್ ಬಿಡಿಸಿ, ಸ್ಟ್ರಟ್ಟಿನ ಮೇಲಿನ ನಟ್ ಮತ್ತು ಕ್ರೇಡಲ್ಲಿನ (ಎಂಜಿನ್ ಹೊತ್ತ ಕೆಳಗಿನ ಚೌಕಟ್ಟಿನ) ನಾಲ್ಕು ಬೋಲ್ಟ್ ತೆಗೆದರೆ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ಎಲ್ಲಾ ಒಟ್ಟಿಗೆ ಬೇರೆಯಾಗುತ್ತವೆ. ಆಮೇಲೆ ಕಾರಿನ ಹಿಂಭಾಗವನ್ನು ಎತ್ತಿ ಅದನ್ನು ಹೊರಗೆ ಉರುಳಿಸಿಕೊಳ್ಳಬಹುದು. ತುಕ್ಕು ಹಿಡಿದ ಕ್ರೇಡಲ್ ಬೋಲ್ಟುಗಳಿಗೆ ಎರಡು ದಿನ ಮುಂಚೆಯೇ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಮಿಶಿಗನ್‌ನ ಚಳಿಗಾಲದ ಉಪ್ಪು ತಿಂದ ಕಾರಲ್ವಾ?

ಈಗ ವೈರಿಂಗ್. ಹೊಸ ಎಂಜಿನ್ನನ್ನು ನಡೆಸಲು ಡೋನರ್ ಕಾರಿನ ಕಂಪ್ಯೂಟರೇ ಬೇಕು. ಅದರ ವೈರುಗಳನ್ನು ಫಿಯೆರೋದ ಮೀಟರ್, ಇಗ್ನಿಷನ್, ಫ್ಯುಯೆಲ್ ಪಂಪ್ ವೈರುಗಳಿಗೆ ಒಂದೊಂದಾಗಿ ಜೋಡಿಸಬೇಕು. ಕಳ್ಳರನ್ನು ತಡೆಯುವ ವ್ಯವಸ್ಥೆಯನ್ನು ಕಂಪ್ಯೂಟರಿನಲ್ಲಿ ಮೊದಲೇ ಆಫ್ ಮಾಡಿಸಿ. ಇಲ್ಲದಿದ್ದರೆ ಎಲ್ಲಾ ಸರಿಯಿದ್ದೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಎರಡೂ ಕಾರಿನ ವೈರಿಂಗ್ ಚಿತ್ರಗಳನ್ನು ಪ್ರಿಂಟ್ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ, ಮುಗಿದ ವೈರಿಗೆ ಗೆರೆ ಹಾಕುತ್ತಾ ಹೋಗಿ. ಈ ಕೆಲಸಕ್ಕೆ ಕೈ ನಡುಗಿದರೆ ಮಾಡಿ ಕೊಡುವವರಿಗೆ ದುಡ್ಡು ಕೊಡಿ. ಅದು ವ್ಯರ್ಥ ಖರ್ಚಲ್ಲ.

ನಾಲ್ಕು ಸಿಲಿಂಡರಿನ ಫಿಯೆರೋ ಇರುವವರಿಗೆ ಒಂದು ಮಾತು: ನಿಮ್ಮ ಫ್ಯುಯೆಲ್ ಪಂಪಿನ ಒತ್ತಡ ಸುಮಾರು 10 ಪಿಎಸ್‌ಐ ಅಷ್ಟೇ. 3800ಗೆ 40ಕ್ಕಿಂತ ಜಾಸ್ತಿ ಬೇಕು. ಪಂಪ್ ಬದಲಿಸಲೇಬೇಕು.

ರೇಡಿಯೇಟರ್ ಮುಂದೆ, ಎಂಜಿನ್ ಹಿಂದೆ. ನಡುವೆ ಬಾಗಿಲುಗಳ ಕೆಳಗೆ ಉದ್ದುದ್ದ ಪೈಪುಗಳು. ಯಾರೋ ಎಂದೋ ತಪ್ಪು ಜಾಗದಲ್ಲಿ ಜಾಕ್ ಕೊಟ್ಟು ಅವನ್ನು ಜಜ್ಜಿರುತ್ತಾರೆ. ಮಲಗಿ ನೋಡಿ, ಕೈಯಾಡಿಸಿ ನೋಡಿ. ನೀರು ತುಂಬಿಸುವಾಗ ಒಳಗೆ ಗಾಳಿ ಉಳಿಯದಂತೆ ನಿಧಾನವಾಗಿ ತುಂಬಿಸಿ.

ಗೇರ್‌ಬಾಕ್ಸಿನ ವಿಷಯ. 1986ರ ನಡುವೆ ವಿ6ಗೆ ಗೆಟ್ರಾಗ್ ಕಂಪನಿಯ ಐದು ಗೇರಿನ ಗೇರ್‌ಬಾಕ್ಸ್ ಬಂತು. ನಿಮ್ಮದು ನಾಲ್ಕೋ ಐದೋ, ಎರಡೂ ಹೊಸ ಎಂಜಿನ್ನಿಗೆ ಸೇರುತ್ತವೆ. ಆದರೆ 3800ರ ಟಾರ್ಕ್ ಸುಮಾರು 380 ನ್ಯೂಟನ್ ಮೀಟರ್, ನಿಮ್ಮ ಹಳೆಯದರ ಒಂದೂವರೆ ಪಟ್ಟಿಗೂ ಮೀರಿದ್ದು. ಗಟ್ಟಿ ಕ್ಲಚ್ ಹಾಕಿ, ನಿಂತ ಜಾಗದಿಂದ ಕ್ಲಚ್ ಧಡಕ್ಕನೆ ಬಿಡಬೇಡಿ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ, ಆದರೆ ನಲವತ್ತು ವರ್ಷದ್ದು. ಎಂಜಿನ್ ಹಾಕುವ ಮೊದಲು ಅದನ್ನು ಹೊಸದು ಮಾಡಿ.

ಪ್ರೀಮಿಯಂ ಪೆಟ್ರೋಲೇ ಹಾಕಿ. ಸೂಪರ್‌ಚಾರ್ಜರಿಗೆ ಸಣ್ಣ ಪುಲ್ಲಿ (ಬೆಲ್ಟಿನ ಚಕ್ರ) ಹಾಕಿ ಇನ್ನೂ ಗಾಳಿ ತುರುಕುವ ಆಸೆ ಬಂದೇ ಬರುತ್ತದೆ. ಒಂದು ವರ್ಷ ತಡೆಯಿರಿ. ಸ್ಕ್ಯಾನರ್ ಹಾಕಿ ನಾಕ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವುದು) ಎಷ್ಟಿದೆ ನೋಡಲು ಕಲಿತ ಮೇಲೆ ಪುಲ್ಲಿಗೆ ಕೈ ಹಾಕಿ.