ಹೊಸ ಲ್ಯಾಪ್‌ಟಾಪನ್ನು ಮೊದಲ ದಿನ ಎಂಟು ಗಂಟೆ ಚಾರ್ಜ್ ಮಾಡಬೇಕೇ?

ಪ್ರಶ್ನೆ: ಮಗಳ ಕಾಲೇಜಿಗೆಂದು ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇವೆ. ಆನ್ ಮಾಡುವ ಮುಂಚೆ ಎಂಟು ಗಂಟೆ ಚಾರ್ಜಿಗೆ ಇಡಿ, ಆಮೇಲೆ ಪ್ರತಿ ಸಲವೂ ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಿ ಎಂದು ಅಂಗಡಿಯವರು ಹೇಳಿದ್ದಾರೆ. ಹೌದೇ?
(ಡೊಂಬಿವಲಿಯ ಓದುಗರೊಬ್ಬರು)

ಅಲ್ಲ. ಎರಡೂ ತಪ್ಪು. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದು ಕಾಲೇಜು ಪ್ರವೇಶ ಶುರುವಾಯಿತೆಂದರೆ ಇದೇ ಪ್ರಶ್ನೆ ಮುಲುಂಡಿನಿಂದ, ವಸಯಿಯಿಂದ, ನೆರೂಲಿನಿಂದ ಬರುತ್ತದೆ. ಹದಿನೈದು ವರ್ಷಗಳಿಂದ ಲ್ಯಾಪ್‌ಟಾಪ್ ಬಿಚ್ಚಿ ಜೋಡಿಸುವ ಕೆಲಸ ಮಾಡುತ್ತಿದ್ದೇನೆ, ಪ್ರತಿ ವರ್ಷವೂ ಇದೇ ಉತ್ತರ ಕೊಟ್ಟಿದ್ದೇನೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಈ ಮಾತು ಹುಟ್ಟಿದ್ದು ನಿಕಲ್ ಬ್ಯಾಟರಿಗಳ ಕಾಲದಲ್ಲಿ. ಹಳೆಯ ಕಾರ್ಡ್‌ಲೆಸ್ ಫೋನುಗಳಲ್ಲಿ, ಮೊದಲ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ಅದು ಬಳಸದೆ ಇಟ್ಟರೆ ತಾನಾಗಿ ಬರಿದಾಗುತ್ತಿತ್ತು, ಆದ್ದರಿಂದ ಮೊದಲ ದಿನ ನಿಧಾನವಾಗಿ, ಗಂಟೆಗಟ್ಟಲೆ ತುಂಬಿಸಬೇಕಿತ್ತು. ಪೂರ್ತಿ ಇಳಿಯುವ ಮುಂಚೆಯೇ ಮತ್ತೆ ಮತ್ತೆ ತುಂಬಿಸಿದರೆ ಅದರ ಶಕ್ತಿ ಕುಗ್ಗುತ್ತದೆ ಎಂಬ ಮಾತಿನಲ್ಲಿಯೂ ಸತ್ಯಾಂಶವಿತ್ತು. ಆ ಬ್ಯಾಟರಿಗೆ ಆ ನಿಯಮ ಸರಿ. ಆದರೆ ನಿಮ್ಮ ಮಗಳ ಲ್ಯಾಪ್‌ಟಾಪಿನಲ್ಲಿ ಇರುವುದು ಲಿಥಿಯಂ-ಅಯಾನ್. ಸೋನಿ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದನ್ನು ರೂಪಿಸಿದ ಗುಡಿನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದಿದೆ. ಬ್ಯಾಟರಿ ಬದಲಾಗಿ ಮೂವತ್ತು ವರ್ಷ ದಾಟಿತು, ಉಪದೇಶ ಮಾತ್ರ ಹಾಗೆಯೇ ಉಳಿದಿದೆ.

ಲಿಥಿಯಂ ಬ್ಯಾಟರಿ ಕಾರ್ಖಾನೆಯಿಂದ ಬರುವಾಗಲೇ ಒಂದಿಷ್ಟು ಚಾರ್ಜ್ ಹೊತ್ತು ಬರುತ್ತದೆ. ಚಾರ್ಜರ್ ಚುಚ್ಚಿ ಆಗಲೇ ಬಳಸಲು ತೊಡಗಬಹುದು. ಎರಡು-ಮೂರು ಗಂಟೆಯಲ್ಲಿ ಅದು ತುಂಬುತ್ತದೆ. ಬ್ಯಾಟರಿಯೊಳಗಿನ ಪ್ರತಿ ಸೆಲ್ ಸಾಮಾನ್ಯವಾಗಿ ಸುಮಾರು 4.2 ವೋಲ್ಟ್ ಮುಟ್ಟಿದ ಮೇಲೆ ಸರ್ಕ್ಯೂಟ್ ವಿದ್ಯುತ್ತನ್ನು ತಾನೇ ಕಡಿಮೆ ಮಾಡುತ್ತ ಬಂದು, ತುಂಬಿದಾಗ ನಿಲ್ಲಿಸುತ್ತದೆ. ಉಳಿದ ಐದು ಗಂಟೆ ಚಾರ್ಜಿಗೆ ಇಟ್ಟರೆ ಏನೂ ಹೆಚ್ಚು ಸೇರುವುದಿಲ್ಲ.

ಇನ್ನು ಪೂರ್ತಿ ಖಾಲಿ ಮಾಡುವ ಚಟ. ಇದು ನಿಜವಾಗಿಯೂ ಹಾನಿಕರ. ಲಿಥಿಯಂ ಸೆಲ್ ತೀರಾ ತಳ ಮುಟ್ಟಿ ವಾರಗಟ್ಟಲೆ ಹಾಗೆಯೇ ಬಿದ್ದಿದ್ದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ, ಅಂಥ ಬ್ಯಾಟರಿಯನ್ನು ಸರ್ಕ್ಯೂಟ್ ಮತ್ತೆ ಚಾರ್ಜ್ ಆಗಲು ಬಿಡುವುದಿಲ್ಲ. ಮೇ ರಜೆಗೆ ಊರಿಗೆ ಹೋಗುವಾಗ ಖಾಲಿ ಲ್ಯಾಪ್‌ಟಾಪನ್ನು ಕಪಾಟಿನಲ್ಲಿಟ್ಟು, ಜೂನಿನಲ್ಲಿ ಬಂದು ‘ಆನ್ ಆಗುತ್ತಿಲ್ಲ’ ಎಂದು ತರುವವರು ಪ್ರತಿ ವರ್ಷ ಇರುತ್ತಾರೆ. ಅರ್ಧ ಚಾರ್ಜ್ ಇಟ್ಟು ಆಫ್ ಮಾಡಿ ಹೋಗಿ. ದಿನನಿತ್ಯ ಶೇಕಡಾ 20-30ಕ್ಕೆ ಇಳಿದಾಗ ಚಾರ್ಜಿಗೆ ಹಾಕಿ. ಅರ್ಧರ್ಧ ಎರಡು ಸಲ ತುಂಬಿಸಿದರೆ ಲೆಕ್ಕಕ್ಕೆ ಒಂದೇ ಆವರ್ತ, ಅಂದರೆ ಒಂದೇ ಪೂರ್ತಿ ಚಾರ್ಜ್. ‘ಪದೇ ಪದೇ ಚಾರ್ಜ್ ಮಾಡಿದರೆ ಆಯುಷ್ಯ ಮುಗಿಯುತ್ತದೆ’ ಎಂಬ ಭಯ ಬೇಡ.

ಒಂದು ಮಾತು ಒಪ್ಪುತ್ತೇನೆ. ಹಳೆಯ ಲ್ಯಾಪ್‌ಟಾಪ್ 30 ತೋರಿಸುತ್ತಲೇ ತಟ್ಟನೆ ಆಫ್ ಆದರೆ, ಒಮ್ಮೆ ಪೂರ್ತಿ ತುಂಬಿಸಿ, ತಳದವರೆಗೆ ಇಳಿಸಿ, ಮತ್ತೆ ತುಂಬಿಸಿದರೆ ಆ ಅಂಕಿಯ ಅಂದಾಜು ಸರಿಹೋಗಬಹುದು. ಸುಧಾರಿಸುವುದು ಅಂದಾಜು, ಬ್ಯಾಟರಿಯಲ್ಲ. ಅದನ್ನು ವಾರಕ್ಕೊಮ್ಮೆಯ ವ್ರತವಾಗಿ ಮಾಡಬೇಡಿ.

ದಿನವಿಡೀ ಚಾರ್ಜರ್ ಚುಚ್ಚಿಯೇ ಕೆಲಸ ಮಾಡುವವರು ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆಯನ್ನು ಹುಡುಕಿ. ಬಹುತೇಕ ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ, ಅವರದೇ ಆಪ್‌ನಲ್ಲಿ ಅಥವಾ ಬಯೋಸ್‌ನಲ್ಲಿ (ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ), ಅದು ಸಿಗುತ್ತದೆ. ನೂರರಲ್ಲಿಯೇ ನಿಂತ ಸೆಲ್‌ಗೆ ಬಿಸಿ ಸೇರಿದರೆ ಅದು ಬೇಗ ಮುಪ್ಪಾಗುತ್ತದೆ. ಮುಂಬಯಿಯ ಸೆಕೆಯ ಜೊತೆಗೆ ನಾವು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿಯನ್ನೂ ಮುಚ್ಚುತ್ತೇವೆ.

ನೀವು ಕೇಳಿರದ ಒಂದು ವಿಷಯ. ಕಳೆದ ವರ್ಷ ಒಬ್ಬ ಹುಡುಗ ‘ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ’ ಎಂದು ಲ್ಯಾಪ್‌ಟಾಪ್ ತಂದ. ಮೇಜಿನ ಮೇಲಿಟ್ಟೆ, ಒಂದು ಮೂಲೆ ಮೇಜನ್ನು ಮುಟ್ಟಲಿಲ್ಲ. ಬೆರಳು ತಾಗಿಸಿದರೆ ಲೊಟಕ್ ಎಂದು ಅಲ್ಲಾಡಿತು. ಬಿಚ್ಚಿದರೆ ಬ್ಯಾಟರಿಯ ಮೂರು ಸೆಲ್‌ಗಳಲ್ಲಿ ನಡುವಿನದು ಪೂರಿಯಂತೆ ಉಬ್ಬಿ, ಟಚ್‌ಪ್ಯಾಡನ್ನು ಅಡಿಯಿಂದ ಒತ್ತುತ್ತಿತ್ತು. ಆರು ತಿಂಗಳು ಅವನು ಅದನ್ನು ಹಾಗೆಯೇ ಬಳಸಿದ್ದ! ನಿಮ್ಮ ಮನೆಯಲ್ಲಿ ಇಂಥದ್ದು ಕಂಡರೆ ಚಾರ್ಜರ್ ಕಿತ್ತು, ಆಫ್ ಮಾಡಿ. ಒತ್ತಬೇಡಿ, ಚುಚ್ಚಿ ಗಾಳಿ ಬಿಡಬೇಡಿ. ತೆಗೆದ ಬ್ಯಾಟರಿಯನ್ನು ಭಂಗಾರ್‌ವಾಲಾನಿಗೆ (ಗುಜರಿಯವನಿಗೆ) ಕೊಡಬೇಡಿ, ಕಸದ ಡಬ್ಬಕ್ಕೂ ಹಾಕಬೇಡಿ. ಕಸದ ಗಾಡಿಯಲ್ಲಿ ಜಜ್ಜಿದ ಸೆಲ್‌ನಿಂದ ಬೆಂಕಿ ಹೊತ್ತುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ಹಿಂದಕ್ಕೆ ಪಡೆಯುವ ಹೊಣೆ ತಯಾರಕರದೇ, ಆದ್ದರಿಂದ ಕಂಪನಿಯ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ ಕೊಟ್ಟುಬನ್ನಿ. ಗರ್ದಿಯ ಲೋಕಲ್‌ನಲ್ಲಿ ಬೆನ್ನಿನ ಚೀಲದೊಳಗೆ ಅದುಮಿಕೊಂಡು ಒಯ್ಯಬೇಡಿ, ರಿಕ್ಷಾ ಹಿಡಿಯಿರಿ.